ಬಿ.ಕಾಂ. ಜೊತೆಗೆ ಡೇಟಾ ಅನಾಲಿಟಿಕ್ಸ್: ಫೀಸು ಕಟ್ಟುವ ಮುನ್ನ

ಈ ಸಾಲಿನ ವಿದ್ಯಾರ್ಥಿವೇತನದ ಅರ್ಜಿ ಕೊಡಲು ಬಂದ ಪೋಷಕರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಬಿ.ಕಾಂ., ಬಿ.ಬಿ.ಎ. ಸೇರುವ ಮಕ್ಕಳಿಗೆ ಬಿಸಿನೆಸ್ ಡೇಟಾ ಅನಾಲಿಟಿಕ್ಸ್ ಅನ್ನು ‘ಮೈನರ್’ ಆಗಿ ಕಲಿಸುತ್ತೇವೆ ಎನ್ನುತ್ತಾರೆ, ಅದಕ್ಕೆ ಬೇರೆ ಫೀಸು ಕೇಳುತ್ತಾರೆ, ಸೇರಿಸಬಹುದೇ? ದಾನಿಗಳ ಹಣದ ಪ್ರಶ್ನೆಯೂ ಆದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇವೆ.

ವಿಷಯ ಏನೆಂದು ತಿಳಿಯಲು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಸಾಕು. ಒಂದು ಕಿಲೋ ರೇಷ್ಮೆ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಯಿತೋ ಅದಕ್ಕೆ ರೀಲರುಗಳು ರೆಂಡಿಟ್ಟಾ ಎನ್ನುತ್ತಾರೆ. ಗೂಡಿಗೆ ಕಿಲೋಗೆ 500 ರೂ. ಎಂದಿಟ್ಟುಕೊಳ್ಳಿ. ಒಂದು ಲಾಟಿನ ರೆಂಡಿಟ್ಟಾ 7, ಇನ್ನೊಂದರದು 7.5 ಆದರೆ, ಒಂದು ಕಿಲೋ ನೂಲಿಗೆ ಗೂಡಿನ ಖರ್ಚು 3,500 ರೂ. ಮತ್ತು 3,750 ರೂ. ಆ 250 ರೂಪಾಯಿಯಲ್ಲೇ ಲಾಭ ನಷ್ಟ ನಿಂತಿರುತ್ತದೆ. ಅನುಭವಸ್ಥ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿಯೇ ಇದನ್ನು ಅಂದಾಜು ಮಾಡುತ್ತಾರೆ. ಎರಡು ವರ್ಷದ ಲಾಟುಗಳ ಊರು, ತಿಂಗಳು, ತೂಕ, ಬೆಲೆ, ಬಂದ ನೂಲು ಎಲ್ಲವೂ ಒಂದೇ ಪಟ್ಟಿಯಲ್ಲಿದ್ದರೆ, ಯಾವ ತಿಂಗಳು ಯಾವ ಕಡೆಯ ಗೂಡಿಗೆ ಹರಾಜಿನಲ್ಲಿ ಎಷ್ಟರವರೆಗೆ ಹೋಗಬಹುದೆಂದು ಅವರ ಮಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಬಲ್ಲಳು. ಡೇಟಾ ಅನಾಲಿಟಿಕ್ಸ್ ಎಂದರೆ ಇಷ್ಟೇ. ಚಿಂತಾಮಣಿ ಮಂಡಿಯ ಟೊಮೆಟೊ ಲೆಕ್ಕಕ್ಕೂ ಇದೇ ವಿದ್ಯೆ.

ಸಾಮಾನ್ಯವಾಗಿ ಎಕ್ಸೆಲ್, ಸಂಖ್ಯಾಶಾಸ್ತ್ರ, ಎಸ್‌ಕ್ಯುಎಲ್, ಪವರ್ ಬಿಐ, ಸ್ವಲ್ಪ ಪೈಥಾನ್ ಕಲಿಸುತ್ತಾರೆ. ಪಿಯುಸಿಯಲ್ಲಿ ಗಣಿತ ಓದದವರು ಹೆದರಬೇಕಿಲ್ಲ. ಶೇಕಡಾವಾರು, ಸರಾಸರಿ ಗಟ್ಟಿಯಿದ್ದರೆ ಆರಂಭಿಸಬಹುದು. ಹೆಚ್ಚು ಹೊತ್ತು ಹಿಡಿಯುವುದು ಪಟ್ಟಿಯ ತಪ್ಪು ತಿದ್ದುವ ಕೆಲಸ. ‘ಶಿಡ್ಲಘಟ್ಟ’, ‘ಸಿಡ್ಲಘಟ್ಟ’ ಎಂದು ಬರೆದರೆ ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು!

ಇನ್ನು ‘ಮೈನರ್’ ಎಂಬ ಮಾತು. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ಅದರಲ್ಲಿ ಮೈನರ್‌ಗೆ ಕನಿಷ್ಠ 24. ಒಂದು ಕ್ರೆಡಿಟ್‌ಗೆ 15 ಗಂಟೆ ಪಾಠವೆಂದರೂ 360 ಗಂಟೆ ಆಗುತ್ತದೆ. ಭಾನುವಾರಗಳಲ್ಲಿ 40 ಗಂಟೆ ಕಲಿಸಿ ಕೊಡುವ ಸರ್ಟಿಫಿಕೇಟು ಮೈನರ್ ಅಲ್ಲ. ಮೇಲಾಗಿ ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದು, 2024-25ರಿಂದ ಮತ್ತೆ ರಾಜ್ಯದ್ದೇ ಮೂರು ವರ್ಷದ ಪದವಿ ಕ್ರಮಕ್ಕೆ ಮರಳಿದೆ. ಆದ್ದರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಕಡೆಯ ಕಾಲೇಜುಗಳಿಗೂ, ಬೆಂಗಳೂರಿನ ಸ್ವಾಯತ್ತ ಕಾಲೇಜುಗಳಿಗೂ, ಖಾಸಗಿ ವಿಶ್ವವಿದ್ಯಾಲಯಗಳಿಗೂ ಪಠ್ಯಕ್ರಮ ಒಂದೇ ಇರುವುದಿಲ್ಲ. ಕೇಳಬೇಕಾದ ಮುಖ್ಯ ಪ್ರಶ್ನೆ: ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಈ ವಿಷಯ ನಮೂದಾಗುತ್ತದೆಯೇ?

ಇಲ್ಲವೆಂದರೆ ಆ ಹಣ ಕಟ್ಟಬೇಡಿ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಐಐಟಿ ಅಧ್ಯಾಪಕರ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದು ಕನ್ನಡ, ಉರ್ದು ಮಾಧ್ಯಮದ ಮಕ್ಕಳಿಗೆ ಮೊದಮೊದಲು ಕಷ್ಟವೇ. ಮೈನರ್ ಒಂದರಿಂದಲೇ ಅನಾಲಿಸ್ಟ್ ನೌಕರಿ ಸಿಗುತ್ತದೆಂಬ ಜಾಹೀರಾತನ್ನೂ ನಂಬಬೇಡಿ. ಅಕೌಂಟ್ಸ್ ಚೆನ್ನಾಗಿ ಬಲ್ಲವರಿಗೆ ಅದು ಒಳ್ಳೆಯ ಜೊತೆ, ಅಕೌಂಟ್ಸಿಗೆ ಬದಲಿಯಲ್ಲ.

ವಿದ್ಯಾರ್ಥಿವೇತನ ಮೊದಲು ಪದವಿಯ ಫೀಸಿಗೆ ಸಲ್ಲುತ್ತದೆ. ಮೈನರ್‌ನ ಫೀಸು ಕೋರುವವರು ಕ್ರೆಡಿಟ್ ಮತ್ತು ಅಂಕಪಟ್ಟಿಯ ಬಗ್ಗೆ ಕಾಲೇಜಿನಿಂದ ಬರಹದಲ್ಲಿ ಪಡೆದ ಉತ್ತರವನ್ನು ಅರ್ಜಿಗೆ ಲಗತ್ತಿಸಬೇಕು. ದಾನಿಗಳಲ್ಲಿ ಒಂದು ವಿನಂತಿ: ಈ ವಿದ್ಯೆಯನ್ನು ಮೊಬೈಲಿನಲ್ಲಿ ಅಭ್ಯಾಸ ಮಾಡುವುದು ಕಷ್ಟ. ನಿಮ್ಮ ಕಚೇರಿಯಲ್ಲಿ ಬಳಸದೆ ಇಟ್ಟಿರುವ, ಚಾಲೂ ಇರುವ ಲ್ಯಾಪ್‌ಟಾಪ್ ಇದ್ದರೆ ದಯವಿಟ್ಟು ಟ್ರಸ್ಟಿಗೆ ತಿಳಿಸಿ.