ಬೀರಿಗೆ ಹೋದ ನಮ್ಮ ರಾಗಿ

ಯಲಹಂಕದಾಚೆ ನಮ್ಮದು ಒಂದೂವರೆ ಎಕರೆ ಖುಷ್ಕಿ. ಬೆಳೆ ರಾಗಿ, ಜಿಕೆವಿಕೆಯ ಜಿಪಿಯು-28. ಹೋದ ವರ್ಷ ಅಕ್ಕನ ಮಗ ಹೆಬ್ಬಾಳದ ಕಡೆ, ಬೀರನ್ನು ಅಲ್ಲೇ ತಯಾರಿಸಿ ಮಾರುವ ಹೋಟೆಲಿಗೆ ಕರೆದೊಯ್ದ. "ರಾಗಿ ಬೀರಂತೆ, ನೋಡು ಮಾವ" ಅಂದ. ಮೊದಲು ಕಹಿ, ಆಮೇಲೆ ಹುರಿಹಿಟ್ಟಿನ ಘಮ. ಪರವಾಗಿಲ್ಲ ಅನ್ನಿಸ್ತು.

ನಮ್ಮ ರಾಗಿ ಕೊಳ್ತೀರಾ ಅಂತ ಕೇಳಿದೆ. ಒಂದೇ ಸಮ ಮೊಳೆತು ಒಣಗಿದ್ದರೆ ತನ್ನಿ ಅಂದರು.

5 ಕೆಜಿ ರಾಗಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಗೋಣಿಚೀಲದಲ್ಲಿ ಬಿಗಿದಿಟ್ಟೆ. ತಪ್ಪಾಗಿದ್ದು ಅಲ್ಲೇ. ಮೂರನೇ ದಿನ ಬಿಚ್ಚಿದರೆ ನಡುವಿನ ಕಾಳು ಬಿಸಿಯೇರಿ ಬೂಷ್ಟು ಹಿಡಿದಿತ್ತು. ಎಲ್ಲಾ ತಿಪ್ಪೆಗೆ! (ಅಂಥದ್ದನ್ನು ದನಕ್ಕೂ ಹಾಕಬೇಡಿ.) ಎರಡನೇ ಸಲ ಒದ್ದೆ ಗೋಣಿ ಮೇಲೆ ಬೆರಳು ದಪ್ಪ ಹರಡಿ, ದಿನಕ್ಕೆ ಮೂರು ಸಲ ಕೈಯಾಡಿಸಿದೆ. ಬೇರು ಚೆನ್ನಾಗಿ ಕಂಡ ಕೂಡಲೇ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಉಜ್ಜಿ ತೂರಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತೆ. ಯೀಸ್ಟು ತಿನ್ನೋದು ಆ ಸಕ್ಕರೆಯನ್ನೇ.

ಮಾಲು ಒಪ್ಪಿದರು. ಆದರೆ ತಿಂಗಳಿಗೆ ಅರ್ಧ ಮೂಟೆ ಸಾಕಂತೆ! ಬಾರ್ಲಿಗೆ ಹೊಟ್ಟು ಇದೆ, ರಸ ಸೋಸುವಾಗ ಅದೇ ಜರಡಿ. ರಾಗಿಗೆ ಅದಿಲ್ಲ, ಹೆಚ್ಚಾದರೆ ಗಂಜಿಯಂತೆ ಕಟ್ಟಿಕೊಳ್ಳುತ್ತೆ. ಸಿಕ್ಕಿಂನವರಿಗೆ ಈ ತಾಪತ್ರಯವಿಲ್ಲ. ಹುದುಗಿದ ರಾಗಿಗೆ ಬಿಸಿನೀರು ಹೊಯ್ದು ಬಿದಿರು ಕೊಳವೆಯಲ್ಲಿ ಹೀರ್ತಾರೆ. ತೋಂಗ್ಬಾ ಅಂತ ಅದರ ಹೆಸರು. ನಮ್ಮ ಉಳಿದ ರಾಗಿ ಮೊದಲಿನಂತೆ ಯಶವಂತಪುರದ ಮಂಡಿಗೇ ಹೋಯ್ತು.

ಮನೇಲೇ ಬೀರು ಮಾಡೋಣ ಅಂದ ಅಳಿಯ. ಲೈಸೆನ್ಸ್ ಇಲ್ಲದೆ ಮಾಡಿದರೆ 1965ರ ಅಬಕಾರಿ ಕಾಯ್ದೆಯಡಿ ಅಪರಾಧ, ಬೇಡ ಅಂದೆ. ಮಿಕ್ಕ ಮೊಳಕೆ ಹಿಟ್ಟಿನಲ್ಲಿ ಅಂಬಲಿ ಕಾಸಿದೆವು. ಈ ಹಿಟ್ಟಿನ ಗಂಜಿ ತೆಳ್ಳಗಾಗುತ್ತೆ, ಒಂದು ಹಿಡಿ ಜಾಸ್ತಿ ಹಾಕಿ. ರಾತ್ರಿ ಹುಳಿಗಿಟ್ಟು, ಬೆಳಿಗ್ಗೆ ಮಜ್ಜಿಗೆ ಜೊತೆ ನೇರಳೆ ಹಣ್ಣು ಕಿವುಚಿದೆವು. ಬಣ್ಣ ನೋಡಿ ನಮ್ಮಮ್ಮ ಮುಟ್ಟಲಿಲ್ಲ. ಅಳಿಯ ಎರಡು ಚೊಂಬು ಕುಡಿದ.