ಒಳಬಾಗಿಲಿನ ಆಯ್ಕೆ

ಮನೆ ಕಟ್ಟಿಸುವವರು ಬೀದಿಬಾಗಿಲಿನ ವಿಚಾರದಲ್ಲಿ ಎಷ್ಟೊಂದು ಆಲೋಚಿಸುತ್ತಾರೆ! ಮರ ಯಾವುದು, ಕೆತ್ತನೆ ಹೇಗೆ, ವಾಸಕಾಲನ್ನು ಯಾವ ಮುಹೂರ್ತದಲ್ಲಿ ನಿಲ್ಲಿಸಬೇಕು ಎಂಬುದೆಲ್ಲವೂ ಚರ್ಚೆಯಾಗುತ್ತದೆ. ಆದರೆ ಒಳಗಿನ ಪ್ಯಾಸೇಜಿಗೂ ಹಜಾರಕ್ಕೂ ನಡುವಣ ಬಾಗಿಲಿನ ಸರದಿ ಬಂದಾಗ, “ಯಾವುದಾದರೊಂದು ಕದ ಹಾಕಿಬಿಡಿ” ಎಂದು ಬಡಗಿಗೆ ಹೇಳಿ ಸುಮ್ಮನಾಗುತ್ತಾರೆ. ನಾವೂ ಹಾಗೆಯೇ ಮಾಡಿದೆವು.

ತೇಗದ ಹಲಗೆಗಳನ್ನು ಒತ್ತಾಗಿ ಜೋಡಿಸಿದ ಭಾರಿ ಕದವೊಂದು ಸಿದ್ಧವಾಯಿತು. ಆಷಾಢದ ಮಳೆ ಹಿಡಿಯುತ್ತಲೇ ಅದು ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಬಡಗಿಯನ್ನು ಕರೆಸಿ ಅಂಚನ್ನು ಹೆರೆಸಿದೆವು. ಬೇಸಗೆ ಬಂದಾಗ ನೋಡಿದರೆ ಬೆರಳು ತೂರುವಷ್ಟು ಸಂದು! ಪ್ಯಾಸೇಜಿನ ಬದಿಯ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳಿಗೆ ಹಜಾರದ ಮಾತೆಲ್ಲವೂ ಕೇಳಿಸುತ್ತಿತ್ತು. ತಪ್ಪು ಬಡಗಿಯದಲ್ಲ, ಬಾಗಿಲೆಂದರೇನೆಂಬುದನ್ನು ಅರಿಯದೆ ಅದನ್ನು ಆರಿಸಿದ ನಮ್ಮದು.

ಮರವು ಹಿಗ್ಗುವುದೇಕೆ?

ಮರವನ್ನು ಕಡಿದು ಕೊಯ್ದು ಒಣಗಿಸಿದರೂ ಅದು ಗಾಳಿಯ ತೇವದೊಡನೆ ತನ್ನ ಸಂಬಂಧವನ್ನು ಕಡಿದುಕೊಳ್ಳುವುದಿಲ್ಲ. ಅದರ ಜೀವಕೋಶಗಳ ಗೋಡೆಗಳು ಸೆಲ್ಯುಲೋಸ್ ಎಳೆಗಳಿಂದಾದವು. ಮಳೆಗಾಲದಲ್ಲಿ ನೀರಿನ ಅಣುಗಳು ಈ ಎಳೆಗಳ ನಡುವೆ ನುಸುಳಿ ಅವನ್ನು ಅಗಲಿಸುತ್ತವೆ; ಬೇಸಗೆಯಲ್ಲಿ ಹೊರಟುಹೋಗುತ್ತವೆ. ಎಳೆಗಳು ಕಾಂಡದ ಉದ್ದಕ್ಕೆ ಮಲಗಿರುವುದರಿಂದ ಹಲಗೆಯು ಅಗಲದಲ್ಲಿ ಹಿಗ್ಗುವುದೇ ಹೊರತು ಉದ್ದದಲ್ಲಿ ಹಿಗ್ಗುವುದು ಅತ್ಯಲ್ಪ.

ಈಗ ಲೆಕ್ಕ ಹಾಕೋಣ. ನಮ್ಮ ಕದದ ಅಗಲ ೮೦ ಸೆಂಟಿಮೀಟರ್. ಮರವು ಅಗಲದಲ್ಲಿ ನೂರಕ್ಕೆ ಒಂದರಷ್ಟು ಹಿಗ್ಗಿತೆನ್ನಿ. ಕದವು ೮ ಮಿಲಿಮೀಟರ್ ಬೆಳೆಯುವುದು! ಅದು ಕಚ್ಚಿಕೊಂಡುದರಲ್ಲಿ ಆಶ್ಚರ್ಯವೇನು?

ಹಿಂದಿನ ಬಡಗಿಗಳು ಇದಕ್ಕೊಂದು ಜಾಣ ಉಪಾಯವನ್ನು ಕಂಡುಕೊಂಡಿದ್ದರು. ಸುಮಾರು ೧೦ ಸೆಂಟಿಮೀಟರ್ ಅಗಲದ ಎರಡು ನಿಲುವುಪಟ್ಟಿಗಳನ್ನು ಅಡ್ಡಪಟ್ಟಿಗಳಿಂದ ಕೂಡಿಸಿ, ನಡುವಣ ಹಲಗೆಯನ್ನು ಅಂಟಿಸದೆ, ಪಟ್ಟಿಗಳಲ್ಲಿ ಕೊರೆದ ಜಾಡಿನೊಳಗೆ ಸಡಿಲವಾಗಿ ಕೂರಿಸುವುದು. ಹಲಗೆ ಹಿಗ್ಗಲಿ, ಕುಗ್ಗಲಿ, ಅದರ ಆಟವೆಲ್ಲ ಜಾಡಿನೊಳಗೇ ಮುಗಿಯುತ್ತದೆ. ಅಡ್ಡಪಟ್ಟಿಗಳ ಎಳೆಗಳು ಕದದ ಅಗಲದ ದಿಕ್ಕಿನಲ್ಲಿಯೇ ಇರುವುದರಿಂದ ಅವು ಹೆಚ್ಚು ಬೆಳೆಯವು. ಹಿಗ್ಗುವ ಅಗಲ ಎರಡು ನಿಲುವುಪಟ್ಟಿಗಳ ೨೦ ಸೆಂಟಿಮೀಟರ್ ಮಾತ್ರ. ಅಂದರೆ ೮ ಮಿಲಿಮೀಟರಿಗೆ ಬದಲು ೨ ಮಿಲಿಮೀಟರ್! ಎಳೆಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ಅಂಟಿಸಿದ ಪ್ಲೈವುಡ್ಡಿನ ಗುಟ್ಟೂ ಇಂತಹುದೇ: ಒಂದು ಪದರದ ಹಿಗ್ಗನ್ನು ಇನ್ನೊಂದು ಪದರ ತಡೆಯುತ್ತದೆ.

ಶಬ್ದಕ್ಕೆ ಸಂದೇ ಹೆದ್ದಾರಿ

ಕದವು ಭಾರವಾದಷ್ಟೂ ಶಬ್ದವನ್ನು ಹೆಚ್ಚು ತಡೆಯುವುದು. ಚದರ ಮೀಟರಿನ ತೂಕ ಇಮ್ಮಡಿಯಾದರೆ ತಡೆಯ ಶಕ್ತಿ ಸಿದ್ಧಾಂತದ ಪ್ರಕಾರ ಸುಮಾರು ೬ ಡೆಸಿಬೆಲ್ ಏರುತ್ತದೆ. ಒಳಗೆ ಟೊಳ್ಳಾಗಿರುವ ಹಗುರವಾದ ಫ್ಲಷ್ ಬಾಗಿಲು ಈ ಕೆಲಸದಲ್ಲಿ ಹಿಂದುಳಿಯುವುದು ಇದರಿಂದಲೇ. ಹಾಗಾದರೆ ನಮ್ಮ ತೇಗದ ಕದ ಸೋತುದೇಕೆ?

ಕದ ೨ ಮೀಟರ್ ಎತ್ತರವಿದ್ದು, ಅದರಡಿಯಲ್ಲಿ ೨ ಸೆಂಟಿಮೀಟರ್ ಸಂದು ಇದೆಯೆಂದು ಭಾವಿಸಿ. ಸಂದಿನ ವಿಸ್ತಾರ ಕದದ ವಿಸ್ತಾರದ ನೂರರಲ್ಲೊಂದು ಪಾಲು. ಕದವು ಒಂದಿಷ್ಟೂ ಶಬ್ದವನ್ನು ಬಿಡದಿದ್ದರೂ ಈ ಸಂದಿನಿಂದ ಶಬ್ದಶಕ್ತಿಯ ನೂರರಲ್ಲೊಂದು ಪಾಲು ದಾಟಿಬರುವುದು. ಅಂದರೆ ತಡೆ ಕೇವಲ ೨೦ ಡೆಸಿಬೆಲ್. ಸಾಧಾರಣ ಸಂಭಾಷಣೆ ಸುಮಾರು ೬೦ ಡೆಸಿಬೆಲ್. ಆಚೆಗೆ ೪೦ ಉಳಿಯುತ್ತದೆ. ನಿಶ್ಶಬ್ದವಾದ ರಾತ್ರಿಯಲ್ಲಿ ಓದುವವರ ಗಮನವನ್ನು ಕೆಡಿಸಲು ಅಷ್ಟು ಸಾಕು. ಸಂದನ್ನು ಮುಚ್ಚದೆ ಕದವನ್ನಷ್ಟೇ ದಪ್ಪಗೊಳಿಸುವುದು, ತೂತನ್ನು ಬಿಟ್ಟು ಕೊಡಕ್ಕೆ ಬಣ್ಣ ಬಳಿದಂತೆ. ಗೋಡೆಯ ಪಕ್ಕಕ್ಕೆ ಸರಿಯುವ ಬಾಗಿಲು ಸ್ಥಳವನ್ನು ಉಳಿಸುವುದು ನಿಜ; ಆದರೆ ಅದರ ಸುತ್ತಲೂ ಸಂದು ಉಳಿಯುವುದರಿಂದ ಮೌನವನ್ನು ಬಯಸುವವರಿಗೆ ಅದು ಹೇಳಿದ್ದಲ್ಲ.

ಭಾರಕ್ಕೊಂದು ಬೆಲೆ

ಭಾರಿ ಕದವು ತನ್ನ ಭಾರಕ್ಕೆ ಬೆಲೆಯನ್ನೂ ಕೇಳುತ್ತದೆ. ೩೦ ಕಿಲೋಗ್ರಾಮ್ ಕದದ ಗುರುತ್ವಕೇಂದ್ರ ಕೀಲುಗಳಿಂದ ೪೦ ಸೆಂಟಿಮೀಟರ್ ದೂರದಲ್ಲಿದೆ. ಮೇಲಿನ ಮತ್ತು ಕೆಳಗಿನ ಕೀಲುಗಳ ನಡುವಣ ಅಂತರ ಒಂದೂವರೆ ಮೀಟರ್. ಸನ್ನೆಯ ನಿಯಮವನ್ನು ಅನ್ವಯಿಸಿದರೆ, ಮೇಲಿನ ಕೀಲನ್ನು ಚೌಕಟ್ಟಿನಿಂದ ಹೊರಕ್ಕೆಳೆಯುವ ಬಲ ೮ ಕಿಲೋಗ್ರಾಮ್ ತೂಕಕ್ಕೆ ಸಮನಾಗುವುದು. ಕೆಳಗಿನದನ್ನು ಅಷ್ಟೇ ಬಲ ಒಳಕ್ಕೆ ಒತ್ತುತ್ತದೆ. ಹಳೆಯ ಬಾಗಿಲುಗಳು ಜೋತುಬಿದ್ದಾಗ ಮೇಲಿನ ಕೀಲಿನ ತಿರುಪುಗಳೇ ಮೊದಲು ಸಡಿಲಿರುವುದೇಕೆಂಬುದು ಈಗ ತಿಳಿಯಿತಲ್ಲವೆ? ಅಲ್ಲಿ ಉದ್ದನೆಯ ತಿರುಪುಗಳನ್ನು ಬಳಸಬೇಕು.

ರಾತ್ರಿಯ ಕಾವಲುಗಾರ

ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಹಜಾರದಲ್ಲಿ ವಿದ್ಯುತ್ ದೋಷದಿಂದ ಬೆಂಕಿ ಹುಟ್ಟಿದರೆ, ಜ್ವಾಲೆಗಿಂತ ಮೊದಲು ಮಲಗುವ ಕೋಣೆಗಳನ್ನು ತಲುಪುವುದು ವಿಷಮಯವಾದ ಹೊಗೆ. ಅಮೆರಿಕದ ಅಗ್ನಿಸುರಕ್ಷಾ ಸಂಶೋಧಕರು ಪ್ರಯೋಗಕ್ಕಾಗಿಯೇ ಕಟ್ಟಿದ ಮನೆಗಳಿಗೆ ಬೆಂಕಿಯಿಟ್ಟು ಪರೀಕ್ಷಿಸಿದ್ದಾರೆ. ಬಾಗಿಲು ತೆರೆದ ಕೋಣೆಗಳು ಬೇಗನೆ ಪ್ರಾಣಾಪಾಯದ ಸ್ಥಿತಿಗೆ ಬಂದರೆ, ಮುಚ್ಚಿದ ಬಾಗಿಲಿನ ಹಿಂದೆ ಬದುಕಬಲ್ಲ ಸ್ಥಿತಿ ಹೆಚ್ಚು ಕಾಲ ಉಳಿದುದು ಕಂಡುಬಂದಿದೆ. ಮನೆಮಂದಿ ಎಚ್ಚೆತ್ತು ಪಾರಾಗಲು ಆ ಕೆಲವು ನಿಮಿಷಗಳೇ ಸಾಕಾಗಬಹುದು. ಆದುದರಿಂದ ಮಲಗುವ ಮುನ್ನ ಈ ಬಾಗಿಲನ್ನು ಮುಚ್ಚುವ ಅಭ್ಯಾಸ ಒಳ್ಳೆಯದು. ಆದರೆ ಬೀಗ ಹಾಕಬಾರದು. ಮಗುವಾಗಲಿ ಅಜ್ಜಿಯಾಗಲಿ ಕತ್ತಲಲ್ಲಿಯೂ ಒಂದೇ ಕೈಯಿಂದ ತೆರೆಯುವಂತಿರಬೇಕು.

ನಾವು ಆರಿಸಿದ ಬಾಗಿಲು

ಮರವು ಸಂದನ್ನು ಬೇಡುತ್ತದೆ. ಮೌನವು ಸಂದನ್ನು ಬೇಡವೆನ್ನುತ್ತದೆ. ಈ ಎರಡು ಬೇಡಿಕೆಗಳ ನಡುವೆ ನಮ್ಮ ಹೊಸ ಬಾಗಿಲು ಹುಟ್ಟಿತು. ಪಟ್ಟಿಗಳ ಚೌಕಟ್ಟು, ಜಾಡಿನಲ್ಲಿ ಕೂತ ದಪ್ಪ ಹಲಗೆಗಳು. ಸುತ್ತಲೂ ೩ ಮಿಲಿಮೀಟರ್ ಸಂದು. ಆ ಸಂದನ್ನು ತುಂಬಲು ಚೌಕಟ್ಟಿಗೆ ಮೃದುವಾದ ರಬ್ಬರ್ ಪಟ್ಟಿ, ಅಡಿಯಲ್ಲಿಯೂ ಅಂತಹುದೇ ಒಂದು. ಪ್ಯಾಸೇಜಿಗೆ ಕಿಟಕಿಯಿಲ್ಲದ್ದರಿಂದ ಮೇಲಿನ ಹಲಗೆಯ ಸ್ಥಳದಲ್ಲಿ ಒಡೆದರೂ ಮೊನಚಾದ ಚೂರುಗಳಾಗದ ಹದಗೊಳಿಸಿದ ಗಾಜನ್ನು ಕೂರಿಸಿದೆವು. ನೀರನ್ನು ಬೇಗನೆ ಹೀರುವುದು ಮರದ ಕೊಯ್ದ ತುದಿಗಳಾದುದರಿಂದ ಕದದ ತಲೆಗೂ ಅಡಿಗೂ ಬಣ್ಣ ಬಳಿಸಿದೆವು. ಹಗಲಲ್ಲಿ ಗಾಳಿಯಾಡಲು ಬಾಗಿಲನ್ನು ತೆರೆದಿಡುತ್ತೇವೆ.

ಎರಡು ಮಳೆಗಾಲ ಕಳೆದಿವೆ. ಉಜ್ಜುಗೊರಡಿನ ಅಗತ್ಯ ಬಿದ್ದಿಲ್ಲ. ನಿಮ್ಮ ಮನೆಯಲ್ಲಿಯೂ ಕದವೊಂದು ಕಚ್ಚಿಕೊಂಡರೆ ಮಳೆಗಾಲದಲ್ಲಿ ಅದನ್ನು ಹೆರೆಸಲು ಅವಸರಪಡಬೇಡಿ. ಬೇಸಗೆಯವರೆಗೆ ಕಾದು ಸಂದನ್ನು ಅಳೆಯಿರಿ. ಬಾಗಿಲೆಂಬುದು ಚಲಿಸಬಲ್ಲ ಗೋಡೆ. ಅದು ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ಮೊದಲು ನಿಶ್ಚಯಿಸಿದರೆ ಅಂದದ ಮಾತನ್ನು ಆಮೇಲೆ ಆಡಬಹುದು.