ಮನೆಪಟ್ಟಿಯ ರೂಪಾಯಿಯಲ್ಲಿ ಗ್ರಂಥಾಲಯದ ಆರು ಪೈಸೆ

ಗ್ರಾಮ ಪಂಚಾಯತಿಗೆ ಮನೆಪಟ್ಟಿ ಕಟ್ಟುವ ಪ್ರತಿಯೊಬ್ಬರೂ ಮೂಲ ತೆರಿಗೆಯ ಜೊತೆಗೆ ನಾಲ್ಕು ಕರಗಳನ್ನು ಸಲ್ಲಿಸುತ್ತಾರೆ. ಅವು ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6 ಮತ್ತು ಭಿಕ್ಷುಕರ ಕರ ಶೇ. 3. ಮನೆಯ ತೆರಿಗೆ 600 ರೂಪಾಯಿ ಇದ್ದಲ್ಲಿ ಗ್ರಂಥಾಲಯದ ಪಾಲು 36 ರೂಪಾಯಿ. ಗ್ರಂಥಾಲಯದ ಹೊಸ್ತಿಲು ತುಳಿಯದ ಕುಟುಂಬವೂ ಈ ಹಣ ಕೊಡುತ್ತದೆ. ಆದ್ದರಿಂದ ಅದರ ಲೆಕ್ಕ ಕೇಳುವ ಹಕ್ಕು ಓದುಗರಿಗಷ್ಟೇ ಸೀಮಿತವಲ್ಲ.

ಈ ವ್ಯವಸ್ಥೆ ಸಂಪಗಾಂವ ಸೀಮೆಗೆ ತಡವಾಗಿ ಬಂದಿತು. ಬೈಲಹೊಂಗಲ, ಕಿತ್ತೂರು ಭಾಗಗಳನ್ನು ಒಳಗೊಂಡಿದ್ದ ಹಳೆಯ ಸಂಪಗಾಂವ ತಾಲೂಕು 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಅಲ್ಲಿ ವಾಚನಾಲಯಗಳು ಸದಸ್ಯರ ವಂತಿಗೆ, ದಾನಿಗಳ ಔದಾರ್ಯ ಮತ್ತು ಸರ್ಕಾರದ ಅನುದಾನವನ್ನು ಅವಲಂಬಿಸಿದ್ದವು. ವಂತಿಗೆ ಕಟ್ಟುವವರು ಇದ್ದ ಊರಿಗೆ ಪುಸ್ತಕ ಬಂದಿತು. ಉಳಿದ ಊರುಗಳಿಗೆ ಬರಲಿಲ್ಲ. ತೆರಿಗೆಯಿಂದಲೇ ಗ್ರಂಥಾಲಯ ನಡೆಯಬೇಕೆಂಬುದು ಡಾ. ಎಸ್. ಆರ್. ರಂಗನಾಥನ್ ಅವರ ವಾದವಾಗಿತ್ತು. 1948ರ ಮದ್ರಾಸ್ ಕಾಯ್ದೆ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈ ಕರ ವಿಧಿಸಿತು. ರೂಪಾಯಿಗೆ 192 ಪೈ ಇದ್ದ ಆ ಕಾಲದ ಆರು ಪೈ ಇಂದಿನ ಮೂರು ಪೈಸೆಗೆ ಸಮೀಪ. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯೂ ಮೂರು ಪೈಸೆಯಿಂದಲೇ ಆರಂಭಿಸಿತು. ಮುಂದೆ ಅದು ಆರಕ್ಕೇರಿತು.

ಕಾಯ್ದೆ ರೂಪಿಸಿದವರು ಹಳ್ಳಿಯ ಒಂದು ತೊಡಕನ್ನು ಮೊದಲೇ ಕಂಡಿದ್ದರು. ಸಂಪಗಾಂವದಂಥ ಎರೆಭೂಮಿಯ ಊರಿನ ಸಂಪತ್ತು ಹೊಲದಲ್ಲಿದೆ. ಪಂಚಾಯತಿಯ ತೆರಿಗೆಯಾದರೋ ಕಟ್ಟಡಗಳಿಗೆ ಮತ್ತು ಕೃಷಿಯೇತರ ಜಾಗಕ್ಕೆ ಮಾತ್ರ. ಈ ಕೊರತೆ ತುಂಬಲು ಜಿಲ್ಲೆಯ ಭೂಕಂದಾಯದ ಶೇ. 3ರಷ್ಟು ಮೊತ್ತವನ್ನು ಸರ್ಕಾರವು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಕ್ಕೆ ನೀಡಬೇಕೆಂದು ಕಾಯ್ದೆ ವಿಧಿಸಿತು. ಆದರೆ ಭೂಕಂದಾಯವೇ ಇಂದು ಹೆಸರಿಗಷ್ಟೇ ಉಳಿದಿರುವುದರಿಂದ ಆ ಶೇಕಡಾ ಮೂರು ದೊಡ್ಡ ಆಸರೆಯಲ್ಲ. ಕಾರ್ಖಾನೆ, ಅಂಗಡಿ ಸಾಲು ಇರುವ ಪಂಚಾಯತಿಗೆ ಗ್ರಂಥಾಲಯ ಕರವೂ ಹೆಚ್ಚು; ಬರೀ ಒಕ್ಕಲುತನದ ಪಂಚಾಯತಿಗೆ ಕಡಿಮೆ. ಪುಸ್ತಕದ ಅಗತ್ಯ ಮಾತ್ರ ಎರಡೂ ಕಡೆ ಒಂದೇ.

2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಮರುವರ್ಷ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಇವು ಅರಿವು ಕೇಂದ್ರಗಳೆನಿಸಿವೆ. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಪುಸ್ತಕ, ಪತ್ರಿಕೆ, ಕುರ್ಚಿ, ವಿದ್ಯುತ್ ಎಲ್ಲದರ ಖರ್ಚೂ ಹೆಚ್ಚುತ್ತದೆ.

ಹಣ ಎಲ್ಲಿ ಸೋರುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಪಂಚಾಯತಿಯೊಂದರ ವಾರ್ಷಿಕ ಮನೆಪಟ್ಟಿ ಬೇಡಿಕೆ 8 ಲಕ್ಷ ರೂಪಾಯಿ ಎಂದುಕೊಂಡರೆ ಗ್ರಂಥಾಲಯ ಕರ 48,000 ರೂಪಾಯಿ. ವಸೂಲಿ 5 ಲಕ್ಷಕ್ಕೆ ನಿಂತರೆ ಕೈಗೆ ಬರುವುದು 30,000. ಕಡಿತವಾದ 18,000 ರೂಪಾಯಿಯ ಬಿಸಿ ಮೊದಲು ತಾಗುವುದು ಪುಸ್ತಕ ಖರೀದಿಗೆ, ಏಕೆಂದರೆ ವಿದ್ಯುತ್ ಬಿಲ್ಲನ್ನು ಮುಂದೂಡಲಾಗದು, ಪುಸ್ತಕವನ್ನು ಮುಂದೂಡಬಹುದು. ಇದಕ್ಕಿಂತ ಕಣ್ಣಿಗೆ ಬೀಳದ ನಷ್ಟ ಬೇಡಿಕೆಯಲ್ಲೇ ಇದೆ. ಮಣ್ಣಿನ ಮೇಲ್ಮುದ್ದೆ ಇಳಿದು ಸ್ಲ್ಯಾಬ್ ಬಂದ ಮೇಲೂ ಉತಾರದಲ್ಲಿ ಹಳೆಯ ಮನೆಯೇ ಉಳಿದಿದ್ದರೆ ತೆರಿಗೆಯೂ ಹಳೆಯದೇ. ಇಂಥ ಆಸ್ತಿಯಿಂದ ಪೂರ್ಣ ವಸೂಲಿಯಾದರೂ ಗ್ರಂಥಾಲಯಕ್ಕೆ ದಕ್ಕಬೇಕಾದದ್ದು ದಕ್ಕುವುದಿಲ್ಲ.

ಮೂರನೆಯದು, ಪ್ರಾಯಶಃ ಎಲ್ಲಕ್ಕಿಂತ ಸಾಮಾನ್ಯವಾದದ್ದು, ವಸೂಲಾದ ಕರ ಇತರ ಆದಾಯದಲ್ಲಿ ಬೆರೆತುಹೋಗುವುದು. ಕುಡಿಯುವ ನೀರಿನ ಪಂಪು ಕೆಟ್ಟಾಗ ಕೈಯಲ್ಲಿದ್ದ ಹಣ ಬಳಸುವುದು ಸಹಜ, ಹಲವೊಮ್ಮೆ ಅನಿವಾರ್ಯವೂ ಹೌದು. ಆದರೆ ಗ್ರಂಥಾಲಯದ ಹೆಸರಿನಲ್ಲಿ ಪಡೆದ ಹಣ ಗ್ರಂಥಾಲಯಕ್ಕೇ ಮರಳಬೇಕು. ಹೀಗಾಗಿ ಗ್ರಾಮಸಭೆಯಲ್ಲಿ ಹಾಗೂ ವಾರ್ಷಿಕ ಜಮಾಬಂದಿಯಲ್ಲಿ ಗ್ರಂಥಾಲಯ ಕರದ ಬೇಡಿಕೆ, ವಸೂಲಿ, ಬಾಕಿ ಮತ್ತು ವೆಚ್ಚವನ್ನು ಪ್ರತ್ಯೇಕವಾಗಿ ಓದಿ ಹೇಳುವಂತೆ ಸದಸ್ಯರು, ಸಾರ್ವಜನಿಕರು ಕೇಳುವುದು ಉಚಿತ. ಮೊತ್ತ ಚಿಕ್ಕದೆಂದು ಬಿಟ್ಟುಬಿಡುವುದೇ ಅದು ಮರೆಯಾಗಲು ಕಾರಣ.

ಬೈಲಹೊಂಗಲ, ಸವದತ್ತಿ, ರಾಮದುರ್ಗ ಪುರಸಭೆಗಳ ಹಾಗೂ ಕಿತ್ತೂರು ಪಟ್ಟಣ ಪಂಚಾಯತಿಯ ವ್ಯಾಪ್ತಿಯಲ್ಲಿ ಕ್ರಮ ಬೇರೆ. ಅಲ್ಲಿ ಸ್ಥಳೀಯ ಸಂಸ್ಥೆ ಕರ ವಸೂಲು ಮಾಡಿ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಕ್ಕೆ ಸಂದಾಯ ಮಾಡಬೇಕು. ಆ ಪಟ್ಟಣಗಳ ನಿವಾಸಿಗಳು ಎಷ್ಟು ವಸೂಲಾಯಿತು ಎಂಬುದರ ಜೊತೆಗೆ ಎಷ್ಟು ಸಂದಾಯವಾಯಿತು ಎಂಬುದನ್ನೂ ವಿಚಾರಿಸಬೇಕಾಗುತ್ತದೆ.